ಗಿಳಿ ಗೊರವಂಕ ಕೂತ ಕೊಂಬೆ

ಕಾಗೆಗೆ ಇನ್ನೂ ಕಪ್ಪು ಹತ್ತದಿದ್ದ ಕಾಲದಲ್ಲಿ ಒಬ್ಬ ರಾಜನಿದ್ದ. ಅವನಿಗೆ ಹೊಳೆಯಾಚೆ ಒಂದು ಮಾವಿನ ತೋಪಿತ್ತು. ಅರಮನೆಯ ಬಿಸಿಲುಮಚ್ಚಿನ ಮೇಲೆ ನಿಂತರೂ ಅದು ಕಣ್ಣಿಗೆ ಎಟುಕುತ್ತಿರಲಿಲ್ಲ. ಹಾಗಾಗಿ ಒಂದು ಗಿಳಿಯನ್ನೂ ಒಂದು ಗೊರವಂಕವನ್ನೂ ಸಾಕಿದ. ಬೆಳಗಾದರೆ ಗಿಳಿ ಗುಡ್ಡದ ದಾರಿಯಲ್ಲಿ, ಗೊರವಂಕ ಹೊಳೆಯ ದಾರಿಯಲ್ಲಿ ತೋಪಿಗೆ ಹೋಗಬೇಕು. ಸಂಜೆ ಬಂದು ಬೇರೆ ಬೇರೆ ಕೋಣೆಗಳಲ್ಲಿ ನಿಂತು ಕಂಡದ್ದನ್ನು ಹೇಳಬೇಕು. ಎರಡೂ ಒಂದೇ ಮಾತು ಹೇಳಿದರೆ ರಾಜ ಹೂಂ ಅನ್ನುತ್ತಿದ್ದ. ಮಾತು ಬೇರೆಯಾದರೆ ತಾನೇ ಕುದುರೆ ಏರುತ್ತಿದ್ದ. ಬಹಳ ಕಾಲ ಹೀಗೇ ನಡೆಯಿತು. ಒಂದು ದಿನ ಸುಡುಬಿಸಿಲು. ಗಿಳಿಗೂ ಆಯಾಸ, ಗೊರವಂಕಕ್ಕೂ ಆಯಾಸ. ತೋಪಿನ ಈಚೆಗೇ ಇದ್ದ ಆಲದ ಮರದ ಒಂದೇ ಕೊಂಬೆಯ ಮೇಲೆ ಎರಡೂ ಕೂತವು. "ಇವತ್ತು ತೋಪಲ್ಲಿ ಏನಿರಬಹುದು?" ಅಂದಿತು ಗೊರವಂಕ. "ನಿನ್ನೆ ಇದ್ದದ್ದೇ ಇರುತ್ತೆ" ಅಂದಿತು ಗಿಳಿ. ಸಂಜೆ ಎರಡೂ ಒಂದೇ ಮಾತು ಹೇಳಿದವು. ರಾಜ ಹೂಂ ಅಂದ. ಆ ಹೊತ್ತಿಗೆ ತೋಪಿಗೆ ಬೆಂಕಿ ಬಿದ್ದಿತ್ತು.

ಕತೆ ಅಲ್ಲಿಗೆ ಮುಗಿಯುವುದಿಲ್ಲವೆಂದು ಮಧುರಾಗೆ ಗೊತ್ತು. ಮುಂದೇನಾಯಿತೆಂದು ಮಾತ್ರ ಗೊತ್ತಿಲ್ಲ. ಭಾಗೀರಥಮ್ಮಜ್ಜಿ ಎಷ್ಟು ಸಲ ಹೇಳಿದ್ದರೂ ಆಲದ ಕೊಂಬೆ ದಾಟುವಷ್ಟರಲ್ಲಿ ಮೊಮ್ಮಗಳಿಗೆ ನಿದ್ದೆ ಹತ್ತಿರುತ್ತಿತ್ತು. ಕತೆ ಕೇಳುವವರು ಹೂಂಗುಡಬೇಕು, ಹೂಂ ನಿಂತರೆ ಕತೆ ನಿಂತಿತು ಎನ್ನುವುದು ಆ ಮನೆಯ ಕಾನೂನು. ಮಧುರಾ ನಿದ್ದೆಯೊಳಗಿನಿಂದಲೇ ಹೂಂ ಹೂಂ ಅನ್ನುವುದನ್ನು ಕಲಿತುಬಿಟ್ಟಿದ್ದಳು. ಅನುಮಾನ ಬಂದಾಗ ಅಜ್ಜಿ ದನಿಯನ್ನು ಒಂದಿಷ್ಟೂ ಬದಲಿಸದೆ, "ಆಮೇಲೆ ರಾಜ ಒಂದು ಬೆಕ್ಕನ್ನ ಮದುವೆ ಆದ" ಅನ್ನುತ್ತಿದ್ದರು. "ಹೂಂ" ಅನ್ನುತ್ತಿದ್ದಳು ಮಧುರಾ. "ಕಳ್ಳಿ!" ಎಂದು ತೊಡೆಯ ಮೇಲೆ ಒಂದು ಏಟು ಬೀಳುತ್ತಿತ್ತು. ಆ ಏಟಿನ ಬಿಸುಪು ಇಂದಿಗೂ ತೊಡೆಯಲ್ಲಿ ಇದ್ದಂತಿದೆ. ಇವತ್ತು ಶುಕ್ರವಾರ ಬೆಳಗ್ಗೆ, ತಲೆಗೆ ಸುತ್ತಿದ ಟವೆಲ್ಲನ್ನೂ ಬಿಚ್ಚದೆ ಅಡಿಗೆಮನೆಯ ಹೊಸಿಲಿನಾಚೆ ನಿಂತು ಅವಳು ಅದನ್ನೇ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಒಳಗೆ ಅಜ್ಜಿ ಪಾವಿನಲ್ಲಿ ಅಕ್ಕಿ ತುಂಬಿ, ಅಂಗೈಯಿಂದ ಅದರ ತಲೆ ಸವರಿ, ಪಾತ್ರೆಗೆ ಹಾಕುತ್ತಿದ್ದರು. ಸವರಿದಾಗ ಉದುರಿದ ಕಾಳುಗಳು ಮೊರದಲ್ಲಿ ಬೀಳುತ್ತಿದ್ದವು.

"ಅಜ್ಜಿ, ಆ ಗಿಳಿ ಗೊರವಂಕದ ಕತೇಲಿ ಕೊನೆಗೇನಾಗುತ್ತೆ?"

"ಬೆಳಗ್ಗೆ ಹೊತ್ತು ಕತೆ ಹೇಳಿದ್ರೆ ದಾರೀಲಿ ಹೋಗೋರು ದಾರಿ ತಪ್ತಾರೆ ಕಣೇ. ಸಾಯಂಕಾಲ ಬಾ. ಹೊಸಿಲು ದಾಟ್ಬೇಡ, ಮಡೀಲಿದೀನಿ."

ಸಾಯಂಕಾಲದೊಳಗೆ ಅವಳೂ ಒಂದು ಹೂಂ ಅನ್ನಬೇಕಾಗಿತ್ತು. ರಾಮಾನುಜ ಸರ್‌ಗೆ ಮಾತು ಕೊಟ್ಟಾಗಿತ್ತು. ಗಾಂಧಿಬಜಾರಿನ ಹಿಂದಿನ ರಸ್ತೆಯ ಹಳೇ ಮನೆಯೊಂದರ ಮಹಡಿಯಲ್ಲಿ ಅವರ ಪುಟ್ಟ ಕಂಪನಿ. ಕಿವಿ ಮಂದವಾದವರು ಕಿವಿಯೊಳಗೆ ಇಟ್ಟುಕೊಳ್ಳುವ ಮೆಷಿನ್ನಿಗೆ ಅಲ್ಲಿ ಒಂದು ಚಿಪ್ ತಯಾರಾಗುತ್ತಿತ್ತು. ಚಿಪ್ ಹೇಗಿರಬೇಕೆಂದು ಹೇಳುವ ದಪ್ಪ ಪುಸ್ತಕಕ್ಕೆ ಎಲ್ಲರೂ ಸ್ಪೆಕ್ ಅನ್ನುತ್ತಾರೆ. ಆ ಸ್ಪೆಕ್ ಓದಿ ವಿಶಾಖಾ ಚಿಪ್ಪಿನ ಡಿಸೈನ್ ಬರೆಯುತ್ತಾಳೆ. ಬ್ಯಾಟರಿ ಉಳಿಯಬೇಕು, ಜಾಗ ಉಳಿಯಬೇಕು, ವೇಗ ಬೇಕು, ಎಲ್ಲ ತಲೆನೋವೂ ಅವಳದು. ಅದೇ ಸ್ಪೆಕ್ ಓದಿ ಮಧುರಾ ಒಂದು ಸಾದಾ ಪ್ರೋಗ್ರಾಂ ಬರೆಯುತ್ತಾಳೆ. ಅದಕ್ಕೆ ಯಾವ ಆತುರವೂ ಇಲ್ಲ, ಉತ್ತರ ಸರಿಯಿದ್ದರೆ ಸಾಕು. ಅದು ಮಾಡೆಲ್. ಎರಡಕ್ಕೂ ಒಂದೇ ಸದ್ದುಗಳನ್ನು ಕೊಟ್ಟು, ಬಂದ ಉತ್ತರಗಳನ್ನು ಒಂದೊಂದಾಗಿ ತಾಳೆ ನೋಡುತ್ತಾರೆ. ಎಲ್ಲವೂ ಕೂಡಿಬಂದರೆ ಮಧುರಾ ಹೂಂ ಅನ್ನಬೇಕು. ಆಮೇಲೆ ಡಿಸೈನ್ ಅದರ ನಕ್ಷೆ ಬಿಡಿಸುವ ಲೇಔಟ್‌ನವರ ಕೈಗೆ, ಅಲ್ಲಿಂದ ಚಿಪ್ ತಯಾರಿಸುವ ತೈವಾನಿನ ಕಾರ್ಖಾನೆಗೆ. ಎರಕ ಹೊಯ್ದ ಮೇಲೆ ತಿದ್ದುವಂತಿಲ್ಲ. ನಿನ್ನೆ ಎಲ್ಲವೂ ಕೂಡಿಬಂದಿತ್ತು. "ಮುಗೀತು ಸರ್" ಅಂದಿದ್ದಳು. ಹಾಗೆಂದು ಹೊರಡುವ ಮುಂಚೆ, ಸುಮ್ಮನೆ, ಹಬ್ಬದಡಿಗೆ ಮುಗಿದ ಮೇಲೆ ಪಾತ್ರೆಯ ಮುಚ್ಚಳ ತೆಗೆದು ನೋಡುವಂತೆ, ಎಲ್ಲಕ್ಕಿಂತ ಮೆಲ್ಲನೆಯ ಸದ್ದಿನ ಟೆಸ್ಟನ್ನು ತೆರೆದು ನೋಡಿದ್ದಳು. ಅದಕ್ಕೆ ಅವರಿಟ್ಟ ಹೆಸರು ಪಿಸುಮಾತು. ಡಬ್ಬಾ ಮಾನಿಟರಿನ ಹಸಿರು ಅಕ್ಷರಗಳಲ್ಲಿ ಎಡಕ್ಕೆ ಮಾಡೆಲ್ಲಿನ ಉತ್ತರಗಳು: ಸೊನ್ನೆ, ಸೊನ್ನೆ, ಸೊನ್ನೆ. ಬಲಕ್ಕೆ ಡಿಸೈನಿನವು: ಸೊನ್ನೆ, ಸೊನ್ನೆ, ಸೊನ್ನೆ. ಕೆಳಗೆ ಮ್ಯಾಚ್ ಎಂಬ ಒಕ್ಕಣೆ. ಎರಡು ಮೌನಗಳು ಒಂದಕ್ಕೊಂದು ತಲೆಯಾಡಿಸುತ್ತಿದ್ದವು.

ಗವಿಪುರದಿಂದ ನಡೆದೇ ಹೋಗುವುದು ಅವಳ ರೂಢಿ. ನಡೆಯುವಾಗ ಚಿಪ್ ಅವಳಿಗೆ ಊರಾಗಿ ಕಾಣುತ್ತದೆ, ಚಿಕ್ಕಪೇಟೆಯಂಥ ಊರು. ಸಂದಿಗೊಂದಿಗಳಲ್ಲಿ ಹಮಾಲಿಗಳು ಸಂಖ್ಯೆಗಳ ಮೂಟೆ ಹೊತ್ತು "ಸೈಡು, ಸೈಡು" ಎಂದು ಕೂಗುತ್ತ ಓಡುತ್ತಾರೆ, ಒಂದು ಮಳಿಗೆಯಲ್ಲಿ ಗುಣಿಸುತ್ತಾರೆ, ಮತ್ತೊಂದರಲ್ಲಿ ಕೂಡುತ್ತಾರೆ. ಇವತ್ತು ಆ ಊರಿನಲ್ಲಿ ಒಂದು ಪಿಸುಮಾತು ಒಂದು ತುದಿಯಿಂದ ಒಳಹೊಕ್ಕು ಇನ್ನೊಂದು ತುದಿಯಿಂದ ಹೊರಗೆ ಬರಲೇ ಇಲ್ಲ. ಯಾವ ಮಳಿಗೆಯಲ್ಲಿ ಉಳಿಯಿತು? ಆಶ್ರಮದ ಸರ್ಕಲ್ಲಿನಲ್ಲಿ ಬಸ್ಸಿಗೆ ದಾರಿಬಿಟ್ಟು ನಿಂತಾಗ ಮೊರದಲ್ಲಿ ಉದುರಿದ ಅಕ್ಕಿಕಾಳು ಕಣ್ಣ ಮುಂದೆ ಬಂತು, ಮತ್ತು ಯಾವ ಮಳಿಗೆಯೆಂದು ಅವಳಿಗೆ ಗೊತ್ತಿತ್ತು. ನಿನ್ನೆ ಸಂಜೆಯಿಂದಲೂ ಗೊತ್ತಿತ್ತು. ಗುಣಿಸಿದಾಗೆಲ್ಲ ಉತ್ತರಕ್ಕೆ ದಶಮಾಂಶದ ಒಂದು ಬಾಲ ಉಳಿಯುತ್ತದೆ, ಕಾಳಿಗಿಂತ ಚಿಕ್ಕ ನುಚ್ಚು. ನುಚ್ಚನ್ನೂ ಸೇರಿಸಿ ಕೂಡಿ, ಕೊನೆಯಲ್ಲಿ ಒಮ್ಮೆ ತಲೆ ಸವರಬಹುದು. ಇಲ್ಲವೇ ಪ್ರತಿ ಸಲವೂ ಸವರಿ ಎಸೆಯಬಹುದು. ಗಟ್ಟಿ ಸದ್ದಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಪಿಸುಮಾತು ಮಾತ್ರ ಬರಿಯ ನುಚ್ಚಿನಿಂದಲೇ ಆದದ್ದು. ಪ್ರತಿ ಸಲ ಸವರಿದರೆ ಅದರಲ್ಲಿ ಉಳಿಯುವುದು ಏನೂ ಇಲ್ಲ. ಅವಳ ಮಾಡೆಲ್ ಪ್ರತಿ ಸಲವೂ ಸವರುತ್ತಿತ್ತು. ಯಾಕೆಂದರೆ ಹಾಗೆಂದು ವಿಶಾಖಾ ಹೇಳಿದ್ದಳು.

ಹೇಳಕೂಡದಾಗಿತ್ತು, ಕೇಳಕೂಡದಾಗಿತ್ತು. ಸೇರಿದ ಮೊದಲ ವಾರದಲ್ಲೇ ರಾಮಾನುಜ ಸರ್ ಇಬ್ಬರನ್ನೂ ಕೂರಿಸಿಕೊಂಡು, "ನೀವಿಬ್ರೂ ಒಟ್ಟಿಗೆ ಸಿನಿಮಾ ನೋಡಿ, ದೋಸೆ ತಿನ್ನಿ, ನನ್ನ ಬೈಕೊಳ್ಳಿ. ಸ್ಪೆಕ್‌ನಲ್ಲಿ ಏನಿದೆ ಅಂತ ಮಾತ್ರ ಒಬ್ರನ್ನೊಬ್ರು ಕೇಳಬೇಡಿ. ಅನುಮಾನ ಬಂದ್ರೆ ಬೇರೆ ಬೇರೆಯಾಗಿ ನನ್ನ ಹತ್ರ ಬನ್ನಿ" ಅಂದಿದ್ದರು. "ಅಂದ್ರೆ ಮಡಿ ಸರ್" ಎಂದಿದ್ದಳು ಮಧುರಾ. ಎಲ್ಲರೂ ನಕ್ಕರು. ಆಫೀಸಿನಲ್ಲಿ ಆ ಹೆಸರೇ ನಿಂತಿತು. ವಿಶಾಖಾಳೂ ನಕ್ಕಿದ್ದಳು, ಉಳಿದವರಿಗಿಂತ ಕೊಂಚ ತಡವಾಗಿ. ಆ ತಡ ಏನೆಂದು ಮಧುರಾಗೆ ತಿಳಿದದ್ದು ತಿಂಗಳುಗಳು ಕಳೆದು, ಒಂದು ಶನಿವಾರ ವಿಶಾಖಾ ಗವಿಪುರದ ಮನೆಗೆ ಬಂದಾಗ. ಅಜ್ಜಿ ಅಡಿಗೆಮನೆಯಿಂದ ಇಣುಕಿ, "ಯಾರ ಮಗಳಮ್ಮ ನೀನು?" ಅಂದರು. "ಬೈರಯ್ಯ ಅಂತ ಅಜ್ಜಿ, ಚಾಮರಾಜಪೇಟೆ. ಗೌರ್ಮೆಂಟ್ ಕೆಲಸದಲ್ಲಿದ್ರು." ಹೆಸರು ಕೇಳಿ ಅಜ್ಜಿಯ ಮುಖದಲ್ಲಿ ಏನಾದರೂ ಆಯಿತೇ, ಆಗಲಿಲ್ಲವೇ? "ಒಳ್ಳೇದು ತಾಯಿ. ಅಲ್ಲೇ ಕೂತ್ಕೋ, ನಾನು ಮಡೀಲಿದೀನಿ" ಎಂದು ಕಾಫಿಯ ಲೋಟವನ್ನು ಕೈಗೆ ಕೊಡದೆ ಕಿಟಕಿಯ ಕಟ್ಟೆಯ ಮೇಲಿಟ್ಟು ಒಳಗೆ ಹೋದರು. ಮಧುರಾಗೂ ಹಾಗೇ ಇಡುತ್ತಾರೆ, ಅವಳ ಅಮ್ಮನಿಗೂ ಹಾಗೇ ಇಡುತ್ತಾರೆ. ಮಡಿಯಲ್ಲಿ ಇಲ್ಲದಿದ್ದರೆ ವಿಶಾಖಾಳ ಕೈಗೇ ಕೊಡುತ್ತಿದ್ದರೇ? ಹೊರಗೆ ಬಂದ ಉತ್ತರ ಒಂದೇ, ಕಿಟಕಿಯ ಮೇಲಿನ ಲೋಟ. ಒಳಗೆ ನಡೆದ ಲೆಕ್ಕ ಯಾವುದು? ಹೊರಗಿನಿಂದ ತಿಳಿಯುವಂತಿರಲಿಲ್ಲ. ಒಳಗೆ ಹೋಗಿ ಕೇಳುವ ಧೈರ್ಯ ಅವಳಿಗಿರಲಿಲ್ಲ. ವಿಶಾಖಾ ಎದ್ದು, ಲೋಟ ತೆಗೆದುಕೊಂಡು, ಕಾಫಿ ಕುಡಿದು, "ಸಕತ್ತಾಗಿದೆ ಅಜ್ಜಿ" ಎಂದು ಒಳಗೆ ಕೇಳಿಸುವಂತೆ ಹೇಳಿದಳು. ಮಾತಿಗೆ ಏನಾದರೂ ಬೇಕೆಂದು ಮಧುರಾ ರಾಜ ಬೆಕ್ಕನ್ನು ಮದುವೆಯಾದ ಕತೆ ಹೇಳಿ ಅವಳನ್ನು ನಗಿಸಿದಳು. ಸೋಮವಾರ ದರ್ಶಿನಿಯಲ್ಲಿ ನಿಂತು ವಡೆ ಮುರಿಯುತ್ತ ವಿಶಾಖಾ, "ಆ ಬಾಲ ಇದ್ಯಲ್ಲ, ಪ್ರತಿ ಸಲಾನೂ ಕತ್ತರಿಸ್ಬಿಡೋದು ಕಣೇ, ಸ್ಪೆಕ್ ಕೇಳೋದೂ ಅಷ್ಟೇ, ಬ್ಯಾಟರೀನೂ ಉಳಿಯುತ್ತೆ" ಎಂದಾಗ, ತಡೆಯಬೇಕಾಗಿತ್ತು. ತಡೆಯಲು ಇದ್ದದ್ದು ಒಂದೇ ಪದ, ಮಡಿ. ಆ ಪದ ಶನಿವಾರದ ಲೋಟದ ಪಕ್ಕದಲ್ಲಿ, ಕಿಟಕಿಯ ಕಟ್ಟೆಯ ಮೇಲೆ ಕೂತಿತ್ತು. ಮಧುರಾ ಹೂಂ ಅಂದಳು. ಬಂದು ಹಾಗೇ ಬರೆದಳು. ಬರೆಯುವಾಗ ಏನೋ ತೀರಿಸಿದಂಥ ಹಗುರ ಕೂಡ ಆಗಿತ್ತು.

ಆಫೀಸಿನ ಮೆಟ್ಟಿಲು ಹತ್ತುವಾಗ ಅವಳಿಗೆ ಭಯವಿರಲಿಲ್ಲ, ಅದೇ ಆಶ್ಚರ್ಯ. ಕೈಗಳಿಗೆ ಏನು ಮಾಡಬೇಕೆಂದು ಗೊತ್ತಿತ್ತು. ಸ್ಪೆಕ್ ತೆರೆದಳು. ಸ್ಪೆಕ್‌ನಲ್ಲಿ ಮಾತು ಬಚ್ಚಿಟ್ಟುಕೊಂಡೇನೂ ಇರಲಿಲ್ಲ: ಕೂಡಿ ಮುಗಿಯುವ ತನಕ ಬಾಲವನ್ನು ಉಳಿಸಿಕೊಳ್ಳತಕ್ಕದ್ದು. ಆ ಪುಟವನ್ನು ಅವಳು ಓದಿಯೇ ಇರಲಿಲ್ಲ. ಓದಿದವಳ ಬಾಯಿಂದ ಕೇಳಿದ್ದಳು. ಮಾಡೆಲ್ಲಿನ ಆ ಭಾಗವನ್ನು ಪೂರ್ತಿ ಅಳಿಸಿ, ಅದನ್ನು ಈ ಮೊದಲು ಯಾರೂ ತನಗೆ ಹೇಳಿಯೇ ಇಲ್ಲವೆಂಬಂತೆ, ಮೊದಲಿನಿಂದ ಬರೆಯತೊಡಗಿದಳು. ಹಳೆಯ ಸಾಲುಗಳು ಬೆರಳಿಗೆ ತಾವಾಗಿಯೇ ಬರುತ್ತಿದ್ದವು. ಕೇಳಿದ ಕತೆಯನ್ನು ಮರೆತು ಅದೇ ಕತೆಯನ್ನು ಹೊಸದಾಗಿ ಹುಟ್ಟಿಸುವುದೆಷ್ಟು ಕಷ್ಟ. ಆದರೂ ಸಾಲಿನ ಮೇಲೆ ಸಾಲು ನಿಂತಿತು. ಪಕ್ಕದ ಮೇಜಿನಿಂದ ವಿಶಾಖಾ ಕುರ್ಚಿ ಉರುಳಿಸಿಕೊಂಡು ಬಂದಳು.

"ಏನೇ, ಹೂಂ ಅನ್ನೋಕೆ ಮುಹೂರ್ತ ನೋಡ್ತಿದೀಯಾ? ರಾಹುಕಾಲ ಕಳೀಲಿ ಅಂತಾನಾ?"

"ಹೋಗೇ. ಆಮೇಲೆ ಕರೀತೀನಿ."

"ಅಮ್ಮಂಗೆ ಹೇಳ್ಬಿಟ್ಟಿದೀನಿ, ಇವತ್ತು ನನ್ನ ಮೊದಲ್ನೇ ಚಿಪ್ ಹೊರಡುತ್ತೆ ಅಂತ. ಪಾಯಸ ಮಾಡ್ತಿದಾರೆ. ನೀನು ಎಳೆದಾಡಿ ಹಾಲು ಒಡೆಸ್ಬೇಡ."

ಮಧುರಾ ನಕ್ಕಳು. ಮಧ್ಯಾಹ್ನ ಊಟದ ಡಬ್ಬಿ ತೆರೆಯದೆ ಟೈಪು ಮಾಡುತ್ತಿದ್ದಾಗ ರಾಮಾನುಜ ಸರ್ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ. "ಏನಮ್ಮಾ, ಇನ್ನೂ ಬರೀತಿದೀಯ? ನಿನ್ನೆ ಮುಗೀತು ಅಂದೆ. ನಾನು ಲೇಔಟ್‌ನವ್ರಿಗೆ ಹೇಳಿಯಾಯ್ತು." ಇಡೀ ಮಹಡಿಗೆ ಕೇಳಿಸುವ ದನಿ. "ಮುಗಿದಿತ್ತು ಸರ್. ಈಗ ಮುಗಿದಿಲ್ಲ." ಯಾರೋ ಕಿಸಕ್ಕೆಂದರು. ಕಿವಿ ಬಿಸಿಯಾಯಿತು. ಶಾಲೆಯಲ್ಲಿ ಉತ್ತರ ಗೊತ್ತಿದ್ದೂ ಎದ್ದು ನಿಂತು ಕಿಟಕಿಯಾಚೆ ನೋಡುತ್ತಿದ್ದ ಹುಡುಗಿ ಅವಳು; ಕನಸಿನ ಕೂಸು ಎಂದು ಟೀಚರ್ ಅನ್ನುತ್ತಿದ್ದರು. ತರಗತಿಯೆಲ್ಲ ಹೀಗೇ ಕಿಸಕ್ಕೆನ್ನುತ್ತಿತ್ತು. ಆದರೆ ಕಿಟಕಿಯಾಚೆ ಅವಳು ನೋಡುತ್ತಿದ್ದದ್ದು ಸುಳ್ಳಾಗಿರಲಿಲ್ಲ. "ಸಂಜೆಯೊಳಗೆ ಹೇಳ್ತೀನಿ ಸರ್. ಹೇಳ್ತೀನಿ ಅಂದ್ಮೇಲೆ ಹೇಳ್ತೀನಿ." ಅವರು ಕನ್ನಡಕದ ಮೇಲಿನಿಂದ ನೋಡಿ ತಮ್ಮ ಕೋಣೆಗೆ ಹೋದರು.

ಹೊಸ ಮಾಡೆಲ್ಲಿಗೆ ಪಿಸುಮಾತನ್ನು ಕೊಟ್ಟಳು. ಎಡಕ್ಕೆ ಸಂಖ್ಯೆಗಳು ಬಂದವು. ಸಣ್ಣವು, ಒಂದು, ಮೂರು, ಎರಡು, ಗೋಡೆಯಾಚೆ ಯಾರೋ ಉಸಿರಾಡಿದಂತೆ, ಆದರೆ ಇದ್ದವು. ಬಲಕ್ಕೆ ಸೊನ್ನೆ, ಸೊನ್ನೆ, ಸೊನ್ನೆ. ಮ್ಯಾಚ್ ಇಲ್ಲ. ಎದೆ ಸಂತೋಷದಿಂದ ಹಾರಿತು, ಮರುಗಳಿಗೆ ಆ ಸಂತೋಷಕ್ಕೇ ನಾಚಿಕೆಯಾಯಿತು: ಗೆಳತಿಯ ಮೊದಲ ಚಿಪ್ ತಪ್ಪೆಂದು ಸಿಕ್ಕಿದ ಸಂತೋಷ. ನಾಚಿಕೆ ಬಂತು, ಸಂತೋಷ ಹೋಗಲಿಲ್ಲ. ಎರಡನ್ನೂ ಇಟ್ಟುಕೊಂಡೇ ಅವಳು ಕರೆದಳು.

"ವಿಶಾಖಾ, ಬಾ ಇಲ್ಲಿ."

ವಿಶಾಖಾ ಬಂದು ನಿಂತು ನೋಡಿದಳು. "ನಿನ್ನೆ ಮ್ಯಾಚ್ ಆಗಿತ್ತಲ್ಲ?"

"ಆಗಿತ್ತು. ನೀನು ದರ್ಶಿನೀಲಿ ಹೇಳಿದ್ದನ್ನೇ ನಾನು ಬರೆದಿದ್ದೆ. ನಿನ್ನನ್ನ ನಿನ್ನ ಜೊತೇನೇ ತಾಳೆ ನೋಡ್ತಿದ್ದೆ ಇಷ್ಟು ದಿನ. ಇವತ್ತು ಸ್ಪೆಕ್ ನಾನೇ ಓದ್ದೆ. ಬಾಲ ಕೊನೇಲಿ ಕತ್ತರಿಸ್ಬೇಕು."

ವಿಶಾಖಾ ಪುಟವನ್ನು ಓದಿದಳು. ಮತ್ತೊಮ್ಮೆ ಓದಿದಳು. ತುಟಿ ಬಿಗಿಯಿತು. "ಬ್ಯಾಟರಿ ಉಳಿಸೋ ಅವಸರದಲ್ಲಿ ಹಾರಿಸಿದೀನಿ. ನನ್ನ ತಪ್ಪು, ಸರಿ. ಹೇಳಕೂಡ್ದು, ಹೇಳ್ದೆ, ಅದೂ ತಪ್ಪು. ಆದ್ರೆ ನೀನು ಯಾಕೆ ಕೇಳ್ಸಿಕೊಂಡೆ? ಪ್ರತಿಯೊಂದಕ್ಕೂ ಮೂಗು ಮುರಿಯೋಳು ನೀನು. ಆವತ್ತೊಂದಿನ ಏನಾಗಿತ್ತು?"

ಸುಳ್ಳು ಹೇಳಬಹುದಾಗಿತ್ತು, ಮಧುರಾ ಹೇಳಲಿಲ್ಲ. "ಅದಕ್ಕೆ ಹಿಂದಿನ ಶನಿವಾರ ನೀನು ಮನೆಗೆ ಬಂದಿದ್ದೆ. ಅಜ್ಜಿ ಲೋಟಾನ ಕಿಟಕಿ ಮೇಲಿಟ್ರು."

ವಿಶಾಖಾ ಅವಳನ್ನೇ ನೋಡುತ್ತಿದ್ದಳು, ಆಮೇಲೆ ನಗತೊಡಗಿದಳು; ಕಣ್ಣು ಮಾತ್ರ ನಗುತ್ತಿರಲಿಲ್ಲ. "ಓಹೋ. ಅದಕ್ಕೆ ನನ್ನ ತಪ್ಪು ಲೆಕ್ಕಾನ ಪ್ರಸಾದ ಅಂತ ಕಣ್ಣಿಗೊತ್ಕೊಂಡ್ಯಾ?"

ಮಧುರಾ ಕುರ್ಚಿಯನ್ನು ಅವಳ ಕಡೆ ತಿರುಗಿಸಿದಳು.

"ನೋಡು ಮಧು, ಲೋಟ ಕಿಟಕಿ ಮೇಲಿಡೋರನ್ನ ನಾನು ಚಿಕ್ಕ ವಯಸ್ಸಿಂದ ನೋಡಿದೀನಿ. ಅದನ್ನ ಹೇಗೆ ಎತ್ಕೊಂಡು ಕುಡೀಬೇಕೋ ನನಗೆ ಗೊತ್ತು. ಕಾಲೇಜಲ್ಲಿ ಒಬ್ರು ಮೇಷ್ಟ್ರಿದ್ರು, ನಾನು ಏನು ಬರೆದ್ರೂ ತಿದ್ದದೇ ಟಿಕ್ ಹಾಕೋರು. ಪಾಪ, ಈ ಹುಡುಗಿ, ಅಂತ. ಪಕ್ಕದವಳ ಪೇಪರ್ ತುಂಬಾ ಕೆಂಪು ಇಂಕು, ನನ್ನದ್ರಲ್ಲಿ ಒಂದು ಗೆರೆ ಇಲ್ಲ. ಆ ಟಿಕ್ ನನಗೆ ಲೋಟಕ್ಕಿಂತ ಜಾಸ್ತಿ ಉರೀತಿತ್ತು. ಜಗಳ ಆಡೋಕೆ ನಿನ್ನ ಇಲ್ಲಿ ಕೂರ್ಸಿರೋದು ಕಣೇ. ಆಡು."

"ಆಡ್ತಿದೀನಲ್ಲ."

"ಇವತ್ತು ಆಡ್ತಿದೀಯ." ವಿಶಾಖಾ ಮಾನಿಟರಿನ ಕಡೆ ತಿರುಗಿ ಆ ಸಣ್ಣ ಸಂಖ್ಯೆಗಳ ಮೇಲೆ ಬೆರಳಿಟ್ಟಳು. "ಇಷ್ಟು ಚಿಕ್ಕದಕ್ಕೂ ಜಾಗ ಮಾಡ್ಬೇಕು ಅಂದ್ರೆ ಒಂದು ಕಡೆ ಅಗಲ ಮಾಡ್ಬೇಕು. ಬ್ಯಾಟರಿ ಕುಡಿಯುತ್ತೆ. ಕುಡೀಲಿ. ಬೇರೆ ಕಡೆ ಉಳಿಸ್ತೀನಿ. ಸರ್‌ಗೆ ನಾನೇ ಹೇಳ್ತೀನಿ, ನೀನು ಬರ್ಬೇಡ." ಎರಡು ಹೆಜ್ಜೆ ಹೋಗಿ ನಿಂತಳು. "ಮತ್ತೆ, ನಾನು ತಿದ್ದೋವಾಗ ಈ ಕಡೆ ಸುಳೀಬೇಡ. ದೂರ ಕೂತ್ಕೋ. ಈಗ ನಾನು ಮಡೀಲಿದೀನಿ."

ಆ ಪದ ಕಿಟಕಿಯ ಕಟ್ಟೆಯಿಂದ ಇಳಿದು ಬಂದಂತಾಯಿತು. ಪೂರ್ತಿ ಚೊಕ್ಕಟವಾಗಿರಲಿಲ್ಲ, ಆದರೂ ಕೈಗೆ ಬಂದಿತ್ತು. ಮಧುರಾ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಡಬ್ಬಿ ತೆರೆದಳು. ಗಾಜಿನ ಬಾಗಿಲಿನ ಹಿಂದೆ ರಾಮಾನುಜ ಸರ್ ಕೈ ಎತ್ತುವುದು, ಫೋನ್ ಹಿಡಿದು ಯಾರನ್ನೋ ಕಾಯಿಸುವುದು ಕಾಣುತ್ತಿತ್ತು. ವಿಶಾಖಾಳ ಬೆನ್ನು ಒಂದು ಸಲವೂ ಬಾಗಲಿಲ್ಲ. ತಣ್ಣಗಾದ ಮೊಸರನ್ನದಲ್ಲಿ ಅಜ್ಜಿ ಹಾಕಿದ್ದ ದಾಳಿಂಬೆ ಕಾಳು ಹಲ್ಲಿಗೆ ಸಿಕ್ಕಿತು. ಕತೆಯಲ್ಲಿ ತಪ್ಪು ಗಿಳಿಯದೋ ಗೊರವಂಕದ್ದೋ ಎಂದು ಇಷ್ಟು ವರ್ಷ ಯೋಚಿಸಿದ್ದಳು. ಬಿಸಿಲಿಗೆ ಕೊಂಬೆಯ ಮೇಲೆ ಕೂತದ್ದು ತಪ್ಪಲ್ಲ, ಹಕ್ಕಿಗಳು ಕೂರುತ್ತವೆ. ಕೂತಾಗ ಎರಡರಲ್ಲಿ ಒಂದಾದರೂ, ಇರು, ನಾನು ಹೋಗಿ ನೋಡಿಬರುತ್ತೇನೆ, ಅನ್ನಬೇಕಾಗಿತ್ತು. ಅಷ್ಟೆ. ಇವತ್ತು ಸಂಜೆ ಎಚ್ಚರವಾಗಿ ಕೂತು ಕತೆಯ ಕೊನೆ ಕೇಳಬೇಕು. ಕೇಳಿದ ಮೇಲೆ, ಅಜ್ಜಿ, ಆವತ್ತು ಮಡಿಯಲ್ಲಿ ಇಲ್ಲದಿದ್ದರೆ ಲೋಟ ಎಲ್ಲಿಡುತ್ತಿದ್ದಿರಿ, ಎಂದು ಕೇಳಬೇಕು. ಉತ್ತರ ಏನೇ ಬರಲಿ, ಹೊಸಿಲು ದಾಟಿ ನಿಂತು ಕೇಳಬೇಕು.

ಬಿಸಿಲು ಕಿಟಕಿಯಿಂದ ಇಳಿದು ನೆಲಕ್ಕೆ ಬಂದು, ನೆಲದಿಂದ ಗೋಡೆ ಹತ್ತುವ ಹೊತ್ತಿಗೆ ವಿಶಾಖಾ ದೂರದಿಂದಲೇ ಕೂಗಿದಳು: "ಇಟ್ಟಿದೀನಿ, ನೋಡ್ಕೋ." ಮಧುರಾ ಮೊದಲು ಪಿಸುಮಾತನ್ನೇ ಕೊಟ್ಟಳು. ಎಡಕ್ಕೆ ಒಂದು, ಮೂರು, ಎರಡು. ಬಲಕ್ಕೆ ಒಂದು, ಮೂರು, ಎರಡು. ಚಿಕ್ಕಪೇಟೆಯ ಸಂದಿಯ ಈ ತುದಿಯಲ್ಲಿ ಯಾರೋ ಮೆಲ್ಲನೆ ಮಾತಾಡಿದ್ದು ಆ ತುದಿಯಲ್ಲಿ ಕೇಳಿಸಿತು. ಕಣ್ಣು ತುಂಬಿಬಂತು, ಒರೆಸಿಕೊಂಡಳು, ಇನ್ನುಳಿದ ಟೆಸ್ಟುಗಳನ್ನೆಲ್ಲ ಸಾಲಾಗಿ ಓಡಬಿಟ್ಟಳು. ಮ್ಯಾಚ್, ಮ್ಯಾಚ್, ಮ್ಯಾಚ್. ಅದೊಂದು ಜೋಗುಳ, ನಿದ್ದೆ ಹತ್ತಿಸುವಂಥದು. ರಾಮಾನುಜ ಸರ್ ಬಾಗಿಲಲ್ಲಿ ಬಂದು ನಿಂತು ಹುಬ್ಬೇರಿಸಿದರು. ಅವಳ ಬಾಯಿ ತೆರೆದಿತ್ತು. ತೆರೆದ ಬಾಯನ್ನು ಹಾಗೇ ಹಿಡಿದು, ಕೈಯಿಂದ ಅವರನ್ನು ತಡೆದಳು. ಸಾಲುಗಳ ನಡುವೆ ಎಲ್ಲೋ ಒಂದು ಕಡೆ, ಒಂದೇ ಒಂದು ಕಡೆ, ಮ್ಯಾಚ್ ಇಲ್ಲ. ತೆರೆದು ನೋಡಿದಳು. ಒಂದು ಸದ್ದಿಗೆ, ಯಾವ ಲೆಕ್ಕಕ್ಕೂ ಸೇರದೆ, ಡಿಸೈನ್ ಏಳು ಏಳು ಏಳು ಅನ್ನುತ್ತಿತ್ತು. ಇಂಥ ತಪ್ಪನ್ನು ಅವಸರದಲ್ಲಿ ಯಾರೂ ಮಾಡುವುದಿಲ್ಲ. ಬೇಕೆಂದೇ ಮಾಡಬೇಕು. ತಲೆ ಎತ್ತಿದಳು. ಆ ಕಡೆಯ ಮೇಜಿನಲ್ಲಿ ವಿಶಾಖಾ ಫ್ಯಾನನ್ನೇ ಬಹಳ ಶ್ರದ್ಧೆಯಿಂದ ನೋಡುತ್ತ ಕೂತಿದ್ದಳು.

"ವಿಶಾಖಾ, ರಾಜ ಬೆಕ್ಕನ್ನ ಮದುವೆ ಆಗಿದಾನೆ."

"ಅಯ್ಯೋ, ಎಚ್ಚರವಾಗೇ ಇದೀಯಾ?" ವಿಶಾಖಾಳ ಕಣ್ಣು ಈಗ ನಗುತ್ತಿತ್ತು. "ಹೂಂ ಅಂದ್ಬಿಡ್ತೀಯೇನೋ ಅಂತ ನೋಡ್ದೆ."

"ಯಾವ ಬೆಕ್ಕು? ಏನ್ರಮ್ಮಾ ಇದು? ಲೇಔಟ್‌ನವ್ರು ಲೈನಲ್ಲಿದಾರೆ!" ಅಂದರು ರಾಮಾನುಜ ಸರ್.

"ಒಂದ್ನಿಮಿಷ ಸರ್, ಬೆಕ್ಕನ್ನ ಓಡಿಸ್ತಿದೀನಿ" ಎಂದು ವಿಶಾಖಾ ಒಂದು ಸಾಲನ್ನು ಅಳಿಸಿದಳು. ಮಧುರಾ ಎಲ್ಲವನ್ನೂ ಮತ್ತೆ ಮೊದಲಿನಿಂದ ಓಡಬಿಟ್ಟಳು. ರಾಮಾನುಜ ಸರ್ ಬಾಗಿಲಿಗೆ ಒರಗಿ ಕಾಯ್ದರು. ವಿಶಾಖಾ ತನ್ನ ಜಾಗದಿಂದ ಏಳಲಿಲ್ಲ, ಈ ಕಡೆ ಸುಳಿಯಲಿಲ್ಲ. ಸಾಲುಗಳು ಹತ್ತಿ ಹೋಗುತ್ತಿದ್ದವು. ಮಧುರಾ ಒಂದೊಂದರ ಮೇಲೂ ಕಣ್ಣಿಟ್ಟು ಕೂತಳು, ಕತೆ ಕೇಳುವವರು ಕೂರಬೇಕಾದ ಹಾಗೆ, ಬೆನ್ನು ನೇರ ಮಾಡಿಕೊಂಡು. ಕೊನೆಯ ಸಾಲು ಬಂದು ನಿಂತಿತು. ಇನ್ನೊಮ್ಮೆ ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಏನಮ್ಮಾ?" ಅಂದರು ಅವರು.

"ಹೂಂ" ಅಂದಳು ಮಧುರಾ.